ಕಲಿಯೋರಿಗೆ ಎಂಥದಾದರೂ ನಡೀತದ

ಗಿಟಾರ್ ಕೊಳ್ಳಲು ಹೊರಟ ತಾಯಂದಿರ ಬಾಯಲ್ಲಿ, ಮಾರುವ ಅಂಗಡಿಯವರ ಬಾಯಲ್ಲಿ, ಜೊತೆಗೆ ಹೋದ ಸೋದರಮಾವಂದಿರ ಬಾಯಲ್ಲಿ ನಾನು ಪದೇ ಪದೇ ಕೇಳುವ ಮಾತೊಂದಿದೆ: "ಇನ್ನೂ ಕಲಿಯೋ ಹುಡುಗಿ, ಎಂಥದಾದರೂ ನಡೀತದ ತಗೋರಿ." ಕೇಳಲು ಬಲು ವಿವೇಕದ ಮಾತು. ಕೂಸು ಈಜು ಕಲಿಯುವ ಮೊದಲೇ ಯಾರೂ ಬಾವಿ ತೋಡಿಸುವುದಿಲ್ಲ ನಿಜ. ಆದರೆ ಈ ಮಾತಿನ ಕೆಳಗೆ ಇನ್ನೊಂದು ಮಾತು ಅಡಗಿ ಕೂತಿದೆ, ನನ್ನ ತಕರಾರು ಅದರ ಮೇಲೆ. "ಇವಳು ಹೇಗೂ ಬಿಟ್ಟುಬಿಡುತ್ತಾಳೆ" ಎಂಬ ತೀರ್ಪು ಅದು. ಪರೀಕ್ಷೆಗೆ ಮುಂಚೆಯೇ ಬಂದ ಫಲಿತಾಂಶ.

ಆಮೇಲೆ ಆಗುವುದನ್ನು ನೋಡಿ. ಎರಡು ಮೂರು ಸಾವಿರದ ಗಿಟಾರು ಮನೆಗೆ ಬರುತ್ತದೆ. ಅದರ ತಂತಿಗಳು ಹಲಗೆಯಿಂದ ಎಷ್ಟು ಮೇಲೆ ನಿಂತಿರುತ್ತವೆಂದರೆ ಹುಡುಗಿ ಬೆರಳ ತುದಿ ಬಿಳಿಚುವಷ್ಟು ಒತ್ತಿದರೂ ಸ್ವರ ಹೊರಡದೆ 'ಬುರ್' ಎನ್ನುತ್ತದೆ. ಹೊರಟರೂ ಅಪಸ್ವರ. ಮೊದಲ ವಾರ ಬೆರಳು ನೋವು, ಎರಡನೆಯ ತಿಂಗಳು ಬೇಸರ, ಮೂರನೆಯ ತಿಂಗಳಿಗೆ ಗಿಟಾರು ಕಪಾಟಿನ ಮೇಲೆ, ಹಳೆಯ ಹೊಲಿಗೆ ಯಂತ್ರದ ಮುಚ್ಚಳದ ಪಕ್ಕಕ್ಕೆ. ಮನೆಯವರು ಹೇಳುತ್ತಾರೆ: "ಅಕೀಗೆ ಕೈ ಹತ್ತಲಿಲ್ಲ ಬಿಡ್ರಿ." ಗಿಟಾರಿನ ಮೇಲೆ ಯಾರೂ ಒಂದು ಮಾತು ಆಡುವುದಿಲ್ಲ. ಇದೇ ಗಂಡುಮಗ ಬಿಟ್ಟಿದ್ದರೆ "ವಾದ್ಯನೇ ಸರಿ ಇಲ್ಲ, ಬೇರೆ ಕೊಡಸ್ರಿ" ಎನ್ನುವ ಮನೆಗಳನ್ನೂ ನಾನು ಬಲ್ಲೆ. ಹುಡುಗಿ ಮಾತ್ರ ಅಂದಿನಿಂದ ತನಗೆ ಸಂಗೀತ ಬಾರದೆಂದು ನಂಬಿಕೊಂಡು ಬೆಳೆಯುತ್ತಾಳೆ. ಎರಡು ಸಾವಿರ ಉಳಿಸಲು ಹೋಗಿ ತೆತ್ತದ್ದು ಎಷ್ಟೆಂಬ ಲೆಕ್ಕ ಯಾರ ಖರ್ಚಿನ ವಹಿಯಲ್ಲೂ ಇರುವುದಿಲ್ಲ.

ಇದು ಬೇರೆ ಯಾವುದೋ ಊರಲ್ಲಾಗಿದ್ದರೆ ಸುಮ್ಮನಿರಬಹುದಿತ್ತು. ಹುಬ್ಬಳ್ಳಿ-ಧಾರವಾಡದಲ್ಲಿ ನಡೆಯುತ್ತದಲ್ಲ ಎಂಬುದು ನನ್ನ ಹೊಟ್ಟೆಕಿಚ್ಚು. ಸಿತಾರರತ್ನ ರಹಿಮತ್ ಖಾನರು ಬಂದು ನೆಲೆಸಿದ ಊರು ಇದು. ಅವರ ಮೊಮ್ಮಗ ಬಾಲೇಖಾನರು ೨೦೦೭ರಲ್ಲಿ ತೀರಿಕೊಳ್ಳುವ ತನಕ ಆ ಸಿತಾರದ ನಾದ ಇಲ್ಲಿಯ ಮನೆಮನೆಗೆ ಗೊತ್ತಿದ್ದದ್ದು, ಮುಂದೆಯೂ ಅವರ ಮನೆತನ ಅದನ್ನು ಬಿಡಲಿಲ್ಲ. ಇಲ್ಲಿ ಸಿತಾರ ಕಲಿಯುವ ಮಗುವಿಗೆ ವಾದ್ಯ ತರುವುದೆಂದರೆ ಗುರುಗಳನ್ನು ಕೇಳದೆ ಯಾರೂ ಹೆಜ್ಜೆ ಇಡುವುದಿಲ್ಲ. ಹೆಚ್ಚಿನ ವಾದ್ಯಗಳು ಬರುವುದು ಮಿರಜಿನಿಂದ. ಕತ್ತಿ ಗುರಾಣಿ ಮಾಡುತ್ತಿದ್ದ ಶಿಕಲಗಾರ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ಸಿತಾರ, ತಂಬೂರಿಗಳಿಗೆ ಕೈ ಹಚ್ಚಿದ ಊರು ಅದು. ಅಲ್ಲಿಯ ಸಿತಾರಕ್ಕೂ ತಂಬೂರಿಗೂ ೨೦೨೪ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅಲ್ಲಿ ಕುಶಲಕರ್ಮಿ ಪಂಢರಪುರದ ಕಡೆಯ ಸೋರೆಬುರುಡೆಯನ್ನು ಬೆರಳಿನಿಂದ ಬಾರಿಸಿ ನೋಡುತ್ತಾನೆ, ಕುದುರೆಯ ಮೈಯನ್ನು ಕೂದಲೆಳೆಯಷ್ಟು ಅರೆದು ಜವಾರಿ ತೆಗೆಯುತ್ತಾನೆ, ಕಿವಿಗೆ ಸಮಾಧಾನವಾಗದಿದ್ದರೆ ಮತ್ತೆ ಅರೆಯುತ್ತಾನೆ. ಕಲಿಯುವವರ ಸಿತಾರಕ್ಕೆ ಕೆತ್ತನೆ ಕಡಿಮೆ ಇರಬಹುದು, ದಂತದ ಬಣ್ಣದ ಹೂಬಳ್ಳಿ ಇಲ್ಲದಿರಬಹುದು; ಜವಾರಿ ಇಲ್ಲದ ವಾದ್ಯವನ್ನು ಮಗುವಿನ ಕೈಗೆ ಕೊಡಲು ಮಾತ್ರ ಒಳ್ಳೆಯ ಗುರು ಒಪ್ಪುವುದಿಲ್ಲ. ಇಷ್ಟೆಲ್ಲ ಬಲ್ಲ ಊರು ಗಿಟಾರಿನ ಅಂಗಡಿ ಹೊಕ್ಕೊಡನೆ ಕಿವಿಯನ್ನು ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಹೋಗುತ್ತದೆ. ಬಣ್ಣ ಯಾವುದು, ಚೀಲ ಬರುತ್ತದೋ ಇಲ್ಲವೋ, ಬೆಲ್ಟು ಫ್ರೀಯೇ, ಇಷ್ಟೇ ವಿಚಾರಣೆ.

ನೋಡಿದರೆ ಗಿಟಾರಿಗೇ ಹೆಚ್ಚಿನ ಪರೀಕ್ಷೆ ಬೇಕು. ಸಿತಾರದ ಪರದೆಗಳನ್ನು ದಾರದಿಂದ ಕಟ್ಟಿರುತ್ತಾರೆ. ಸ್ವರ ಸ್ವಲ್ಪ ಏರುಪೇರಾದರೆ ಸರಿಸಿ ಕೂರಿಸಬಹುದು. ಗಿಟಾರಿನ ಫ್ರೆಟ್ಟುಗಳನ್ನು ಮರದಲ್ಲಿ ಹುಗಿದಿರುತ್ತಾರೆ. ಕಾರ್ಖಾನೆಯಲ್ಲಿ ತಪ್ಪು ಜಾಗದಲ್ಲಿ ಕೂತ ಫ್ರೆಟ್ಟು ಸಾಯುವ ತನಕ ತಪ್ಪನ್ನೇ ಹಾಡುತ್ತದೆ. ಮಗು ಎಷ್ಟು ಸಾಧನೆ ಮಾಡಿದರೂ ಅದು ಅಪಸ್ವರದ ಸಾಧನೆ.

ಈ ಪರೀಕ್ಷೆಗೆ ಗಿಟಾರು ಬಾರಿಸಲು ಬರಬೇಕಾಗಿಲ್ಲ. ನಮ್ಮ ಊರಿನ ಹೆಣ್ಣುಮಕ್ಕಳಲ್ಲಿ ಅರ್ಧಕ್ಕರ್ಧ ಮಂದಿ ಮದುವೆಗೆ ಮೊದಲು ಎರಡು ವರ್ಷವಾದರೂ ಹಾರ್ಮೋನಿಯಂ ಮುಂದೆ ಕೂತು ಸಾ-ರೆ-ಗ ಹೇಳಿದವರೇ. ಆ ಕಿವಿ ಸಾಕು. ತಂತಿಯನ್ನು ಬಿಟ್ಟು ಮೀಟಿಸಿ, ಅದನ್ನು ಷಡ್ಜ ಎಂದುಕೊಳ್ಳಿ. ಹನ್ನೆರಡನೆಯ ಫ್ರೆಟ್ಟು ತಂತಿಯ ನಟ್ಟನಡುವೆ ಇರುತ್ತದೆ. ಅಲ್ಲಿ ಒತ್ತಿ ಮೀಟಿದರೆ ತಾರಷಡ್ಜ ಬರಬೇಕು. ಅದೇ ಜಾಗದಲ್ಲಿ ಒತ್ತದೆ, ಬೆರಳನ್ನು ಹೂವಿನಂತೆ ತಾಗಿಸಿ ಮೀಟಿದರೆ ಗಂಟೆಯಂಥ ತೆಳು ನಾದವೊಂದು ಬರುತ್ತದೆ, ಅದೂ ತಾರಷಡ್ಜವೇ. ಎರಡೂ ಒಂದೇ ಆಗಿ ಕೇಳಿಸಿದರೆ ವಾದ್ಯ ಸತ್ಯವಂತ. ಒತ್ತಿದ ಸ್ವರ ಏರಿ ಕೇಳಿಸಿತೋ, ಮೊದಲು ತಂತಿ ಹೊಸದೇ ಎಂದು ಕೇಳಿ; ಹೊಸ ತಂತಿಯಲ್ಲೂ ಹಾಗೇ ಇದ್ದರೆ ವಾದ್ಯವನ್ನು ವಾಪಸು ಗೋಡೆಗೆ ತೂಗುಹಾಕಲು ಹೇಳಿ. ಆರೂ ತಂತಿಗೆ ಇದನ್ನು ಮಾಡಿ. ಅಂಗಡಿಯವರು ಗಡಿಬಿಡಿ ಮಾಡಿದರೆ ಮಾಡಲಿ. ಸೀರೆ ಅಂಗಡಿಯಲ್ಲಿ ನಲವತ್ತು ಸೀರೆ ಬಿಡಿಸಿ ನೋಡಿ ಎದ್ದು ಬರುವ ಧೈರ್ಯವುಳ್ಳವರು ನಾವು.

ಎರಡನೆಯದು ತಂತಿಯ ಎತ್ತರ. ಅದೇ ಹನ್ನೆರಡನೆಯ ಫ್ರೆಟ್ಟಿನ ಮೇಲೆ ಉಕ್ಕಿನ ತಂತಿಯಾದರೆ ಎರಡು ಎರಡೂವರೆ ಮಿಲಿಮೀಟರು, ನೈಲಾನ್ ಆದರೆ ಮೂರರಿಂದ ನಾಲ್ಕು. ಇದಕ್ಕಿಂತ ಹೆಚ್ಚಿದ್ದರೆ ಸೇತುವೆಯ ಮೇಲಿನ ಪಟ್ಟಿಯನ್ನು ಬಲ್ಲವರಿಂದ ಅರೆಸಬಹುದು, ಅದು ಚಿಕ್ಕ ಖರ್ಚು. ಆದರೆ ಕುತ್ತಿಗೆಯೇ ಬಾಗಿದ್ದರೆ ಬೇಡ.

ಈ ನೈಲಾನು, ಉಕ್ಕಿನ ವಿಚಾರ ಹೇಳಿಬಿಡುತ್ತೇನೆ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರು ಬೆರಳಿಗೆ ಮೃದು, ಆದರೆ ಅದರ ಕುತ್ತಿಗೆ ಅಗಲ, ಸುಮಾರು ಐವತ್ತೆರಡು ಮಿಲಿಮೀಟರು. ಉಕ್ಕಿನದು ಸುಮಾರು ನಲವತ್ಮೂರು. ಕೈಗೆ ಸುಲಭ, ಬೆರಳಿಗೆ ಕಠಿಣ. ಹತ್ತು ಹನ್ನೆರಡರ ಮಕ್ಕಳಿಗೆ ನೈಲಾನೇ ಮೇಲು ಎಂದು ನನ್ನ ಅಭಿಪ್ರಾಯ. ಸಿನಿಮಾ ಹಾಡು ಹಾಡುತ್ತ ಬಾರಿಸಬೇಕೆನ್ನುವ ಕಾಲೇಜು ಹುಡುಗಿಗೆ ಉಕ್ಕಿನದೇ ಬೇಕಾದೀತು. ಒಂದಕ್ಕೆ ಇನ್ನೊಂದರ ತಂತಿ ಮಾತ್ರ ಹಾಕಿಸಬೇಡಿ. ಉಕ್ಕಿನ ತಂತಿಗಳೆಲ್ಲ ಸೇರಿ ಎಳೆಯುವ ಭಾರ ಎಪ್ಪತ್ತು ಕಿಲೋದ ಆಸುಪಾಸು, ನೈಲಾನಿನದು ನಲವತ್ತು. ನೈಲಾನ್ ಗಿಟಾರಿಗೆ ಉಕ್ಕು ಬಿಗಿದರೆ ಒಂದು ಮಧ್ಯಾಹ್ನ ಸೇತುವೆ ಕಿತ್ತು ಬರುತ್ತದೆ.

ಅಳತೆಯ ಮಾತಿನಲ್ಲೂ ನಮ್ಮ ತಂಬೂರಿ ಅಂಗಡಿಗಳು ಬುದ್ಧಿವಂತವು. ಗಂಡಸರ ತಂಬೂರಿ ಉದ್ದ, 'ಲೇಡೀಸ್ ತಂಬೂರಿ' ಗಿಡ್ಡ; ಯಾಕೆಂದರೆ ಹೆಂಗಸರ ಪಟ್ಟಿ ಮೇಲಿನದು, ಅದಕ್ಕೆ ಗಿಡ್ಡ ತಂತಿ ಹೊಂದುತ್ತದೆ. ಇದು ದನಿಯ ಲೆಕ್ಕ, ಸೀರೆ ಪಂಚೆಯ ಲೆಕ್ಕವಲ್ಲ. ಗಂಗೂಬಾಯಿ ಹಾನಗಲ್ಲರ ದನಿ ಎಷ್ಟು ತಗ್ಗಿನದು, ಎಷ್ಟು ಗಂಭೀರದ್ದು ಎಂಬುದು ಹುಬ್ಬಳ್ಳಿಯವರಿಗೆ ಹೇಳಿಕೊಡಬೇಕೆ? ಆ ದನಿಗೆ ಹೆಂಗಸೆಂದು ಗಿಡ್ಡ ತಂಬೂರಿ ಒಪ್ಪಿಸಲು ಹೋದರೆ ತಂಬೂರಿಯೇ ನಾಚಿಕೊಂಡೀತು. ಗಿಟಾರಿನಲ್ಲಿಯೂ ಹಾಗೆಯೇ. ಪೂರ್ಣ ಅಳತೆಯದರ ತಂತಿ ಸುಮಾರು ಅರವತ್ತೈದು ಸೆಂಟಿಮೀಟರು. ಮುಕ್ಕಾಲು ಅಳತೆಯದೂ ಸಿಗುತ್ತದೆ. ಹುಡುಗಿಯನ್ನು ಕೂರಿಸಿ, ತೊಡೆಯ ಮೇಲೆ ಇಟ್ಟು, ಬಲಗೈ ಭುಜ ಎತ್ತದೆ ತಂತಿಗೆ ಇಳಿಯುತ್ತದೋ, ಎಡಗೈ ಮೊದಲ ಫ್ರೆಟ್ಟಿಗೆ ಎಟಕುತ್ತದೋ ನೋಡಿ. 'ಹುಡುಗಿಯರದು' ಎಂದು ಗುಲಾಬಿ ಬಣ್ಣದ್ದನ್ನು ಮುಂದೆ ತಂದಿಡುವವರಿದ್ದಾರೆ. ಗುಲಾಬಿಗೆ ಸ್ವರವಿಲ್ಲ.

"ಆದರೂ ಗಿಟಾರು ನಮ್ಮದಲ್ಲವಲ್ಲ" ಎಂದು ಮೂಗು ಮುರಿಯುವ ಹಿರಿಯರಿಗೊಂದು ಮಾತು. ಹಾರ್ಮೋನಿಯಂ ಎಲ್ಲಿಯದು? ಅದನ್ನು ಆಕಾಶವಾಣಿ ೧೯೪೦ರಿಂದ ೧೯೭೧ರವರೆಗೆ ಬಾಗಿಲ ಹೊರಗೆ ನಿಲ್ಲಿಸಿತ್ತು. ಇಂದು ಅದಿಲ್ಲದೆ ಇಲ್ಲಿ ಒಂದು ಬೈಠಕ್ ನಡೆಯುವುದು ಕಷ್ಟ. ಗಿಟಾರನ್ನು ಮಲಗಿಸಿಕೊಂಡು, ತಂತಿಯ ಮೇಲೆ ಉಕ್ಕಿನ ಕಡ್ಡಿ ಜಾರಿಸಿ ಬ್ರಿಜಭೂಷಣ ಕಾಬ್ರಾ ಅವರು ರಾಗ ಹಾಡಿಸಿದರು; ವಿಶ್ವಮೋಹನ ಭಟ್ಟರು ಅದನ್ನೇ ತಿದ್ದಿ ಮೋಹನವೀಣೆ ಮಾಡಿಕೊಂಡು ೧೯೯೪ರಲ್ಲಿ ಗ್ರ್ಯಾಮಿ ಪಡೆದರು. ಅಷ್ಟು ದೂರ ಯಾಕೆ? ನಮ್ಮ ಶಿಶುನಾಳದ ಷರೀಫ ಸಾಹೇಬರ ಪದವನ್ನು ರಘು ದೀಕ್ಷಿತರು ಗಿಟಾರು ಹಿಡಿದು ೨೦೦೮ರ ತಮ್ಮ ಆಲ್ಬಮ್ಮಿನಲ್ಲಿ ಹಾಡಿದಾಗ ಕುಣಿದದ್ದು ಹೊಸ ಹುಡುಗ ಹುಡುಗಿಯರು. ಏಕತಾರಿಯ ಪದ ಆರು ತಂತಿಯ ಮೇಲೂ ನಿಂತಿತು.

ಹಾಗೆಂದು ತುಟ್ಟಿಯದೇ ತನ್ನಿ ಎನ್ನುತ್ತಿಲ್ಲ. ಇಪ್ಪತ್ತೈದು ಸಾವಿರದ ಗಿಟಾರಿನ ಜೊತೆ "ಇಷ್ಟು ಖರ್ಚು ಮಾಡೇವಿ, ಕಲೀಲೇಬೇಕು" ಎಂಬ ದಿನದ ಬೈಗುಳವೂ ಮನೆಗೆ ಬರುತ್ತದೆ, ಅದರಿಂದಲೂ ಹುಡುಗಿಯರು ಬಿಟ್ಟಿದ್ದಾರೆ. ಎಂಟು ಹತ್ತು ಸಾವಿರದೊಳಗೆ ನಿಯತ್ತಿನ ವಾದ್ಯ ಸಿಗುತ್ತದೆ. ಅಷ್ಟೂ ಆಗದಿದ್ದರೆ, ಬಿಟ್ಟವರ ಮನೆಯ ಕಪಾಟಿನ ಮೇಲೆ ಒಳ್ಳೆಯದೊಂದು ಮಲಗಿರಬಹುದು, ಕೇಳಿ ನೋಡಿ. ಹೊಸ ತಂತಿ ಹಾಕಿಸಿ ಮೇಲಿನ ಪರೀಕ್ಷೆ ಮಾಡಿ. ಮೊಬೈಲಿನಲ್ಲಿ ಚಿತ್ರ ನೋಡಿ ತರಿಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಚಿತ್ರಕ್ಕೆ ನಾದವಿಲ್ಲ. ಶ್ರುತಿ ಕೂಡಿಸಲು ಅದೇ ಮೊಬೈಲು ಪುಕ್ಕಟೆ ನೆರವಾಗುತ್ತದೆ, ಅದಕ್ಕೆ ಬಳಸಿ.

ಕೊಂಡ ಮೇಲೆ ಧಾರವಾಡದವರಿಗೆ ಒಂದು ಮಾತು ಹೆಚ್ಚು. ನಿಮ್ಮ ಆಷಾಢದ ಜಿಟಿಜಿಟಿ ಮಳೆಗೆ ಹಪ್ಪಳವೂ ಮೆತ್ತಗಾಗುತ್ತದೆ, ಮರವೂ ಉಬ್ಬುತ್ತದೆ. ಹೊರಗಿನ ಗೋಡೆಗೆ ಗಿಟಾರು ತೂಗುಹಾಕಬೇಡಿ, ಚೀಲದಲ್ಲಿಟ್ಟು ಒಳಕೋಣೆಯಲ್ಲಿ ನಿಲ್ಲಿಸಿ. ಹುಬ್ಬಳ್ಳಿಯವರು ಏಪ್ರಿಲ್ ಬಿಸಿಲಿಗೆ ಕಿಟಕಿಯ ಬಳಿ ಇಡದಿದ್ದರಾಯಿತು. ಕಪಾಟಿನ ಮೇಲೆ ಮಾತ್ರ ಇಬ್ಬರೂ ಇಡಬೇಡಿ; ಹುಡುಗಿಯ ಕೈಗೆಟಕುವ ಹಾಗೆ, ಅವಳ ಓದುವ ಮೇಜಿನ ಪಕ್ಕದಲ್ಲೇ ಇರಲಿ.