ಹಾಲು ಡೇರಿಗೆ, ಬುದ್ಧಿಮಾತು ಬಸುರಿಗೆ

ಬೆಳಗಾವಿ ಜಿಲ್ಲೆಯ ನಿಪ್ಪಾಣಿ ತಾಲ್ಲೂಕು, ಅಕ್ಕೋಳದ ಆಸುಪಾಸಿನ ಹಳ್ಳಿಯೊಂದರ ಅಂಗನವಾಡಿ. ಮಧ್ಯಾಹ್ನ ಹನ್ನೆರಡರ ಹೊತ್ತು. ಗೋಡೆಗೆ ಒರಗಿ ಏಳು ಜನ ಬಸುರಿಯರು ಕೂತಿದ್ದರು, ಮಡಿಲಲ್ಲಿ ತಾಯಿ ಕಾರ್ಡು. ಕಾರ್ಯಕರ್ತೆ ಚಿತ್ರಪಟ ತಿರುವುತ್ತ ಹೇಳುತ್ತಿದ್ದರು: "ದಿನಾ ಒಂದು ತತ್ತಿ ತಿನ್ರಿ, ತಪ್ಪಲ ಪಲ್ಯಾ ತಿನ್ರಿ, ಎರಡು ಲೋಟ ಹಾಲು ಕುಡೀರಿ." ಮೂಲೆಯಲ್ಲಿದ್ದ ಆರು ತಿಂಗಳ ಬಸುರಿ ತಲೆ ಎತ್ತದೆ ಅಂದಳು: "ಹಾಲು ಡೇರಿಗಿ ಹೊಕ್ಕೈತ್ರೀ ಅಕ್ಕಾರ." ಉಳಿದವರು ನಕ್ಕರು. ಕಾರ್ಯಕರ್ತೆಯೂ ನಕ್ಕು ಮುಂದಿನ ಚಿತ್ರಕ್ಕೆ ಹೋದರು. ನಿಲ್ಲಬೇಕಾದದ್ದು ಅಲ್ಲೇ. ಪಾಠ ಶುರುವಾಗಬೇಕಾದ ಜಾಗವೂ ಅದೇ ಆಗಿತ್ತು.

ಬಸುರಿಯರಿಗೆ ಆಹಾರದ ತಿಳಿವಳಿಕೆ ಕೊಡುವುದು ದಂಡ ಎಂದು ನಾನು ಹೇಳುತ್ತಿಲ್ಲ. ಅಪೌಷ್ಟಿಕತೆ ಹೆಚ್ಚಿರುವ ಕಡೆ ಬಸುರಿಯರ ಊಟದಲ್ಲಿ ಶಕ್ತಿ ಮತ್ತು ಪ್ರೋಟೀನ್ ಹೆಚ್ಚುವಂತೆ ತಿಳಿಹೇಳಬೇಕು, ಅದರಿಂದ ಕಡಿಮೆ ತೂಕದ ಕೂಸು ಹುಟ್ಟುವ ಅಪಾಯ ತಗ್ಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಶಿಫಾರಸು ಮಾಡಿತು. ಕಡಿಮೆ ತೂಕ ಅಂದರೆ ಎರಡೂವರೆ ಕಿಲೋಕ್ಕಿಂತ ಕೆಳಗೆ. ಇದರ ಹಿಂದೆ ಇದ್ದದ್ದು ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2015ರ ಕೊಕ್ರೇನ್ ಸಮೀಕ್ಷೆ. ಸೊರಗಿದ ತಾಯಂದಿರಿಗೆ ತಿಳಿವಳಿಕೆ ಕೊಟ್ಟಾಗ ಕೂಸಿನ ತೂಕ ಸರಾಸರಿ 490 ಗ್ರಾಂ ಹೆಚ್ಚಿತು, ಉಂಡು ಗಟ್ಟಿಯಾಗಿದ್ದವರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 490 ಗ್ರಾಂ ಅಂದರೆ ಹತ್ತಿರ ಹತ್ತಿರ ಅರ್ಧ ಕಿಲೋ! ಆದರೆ ಈ ಅಂಕಿ ನಿಂತಿರುವುದು ಎರಡೇ ಪ್ರಯೋಗಗಳ, 320 ಹೆಂಗಸರ ಮೇಲೆ. ಇಷ್ಟು ಸಣ್ಣ ಲೆಕ್ಕದಿಂದ ಬಂದ ಇಷ್ಟು ದೊಡ್ಡ ಫಲವನ್ನು ನಾನು ಪೂರ್ತಿ ನಂಬಲಾರೆ. ಹಾಗೆಂದು ತಳ್ಳಿಹಾಕಲೂ ಆರೆ, ಏಕೆಂದರೆ ಅವುಗಳಲ್ಲಿ ಒಂದಾದ, ಢಾಕಾದ ಬಡ ಬಸುರಿಯರ ನಡುವೆ ನಡೆದ ಪ್ರಯೋಗದಲ್ಲಿ ಕಲಿಸಿದ್ದು ಬರೀ ಮಾತಲ್ಲ, ಕಿಚಡಿ ಮಾಡುವುದನ್ನು. ಅಕ್ಕಿ, ಬೇಳೆ, ಎಣ್ಣೆ, ಒಂದೇ ಗಡಿಗೆ. ಆ ಪಾಠ ಅವರ ಒಲೆಯ ಮೇಲೆ ಕೂರುವಂಥದು, ಅವರ ಕೈಗೆಟುಕುವ ಖರ್ಚಿನದು.

ನಮ್ಮ ಚಿತ್ರಪಟದಲ್ಲಿ ಸೇಬುಹಣ್ಣಿತ್ತು, ಗಜ್ಜರಿ ಇತ್ತು, ಮೀನಿತ್ತು. ಹೊರಗೆ ಹೊಲದ ಬದುವಿನಲ್ಲಿ ಹಕ್ಕರಿಕಿ, ರಾಜಗಿರಿ, ಮೆಂತೆ ಹಸಿರಾಗಿದ್ದವು. ಅವುಗಳ ಹೆಸರು ಒಮ್ಮೆಯೂ ಬರಲಿಲ್ಲ. ಬಸುರಿಗೆ ದಿನಕ್ಕೆ 350 ಕ್ಯಾಲೊರಿ ಹೆಚ್ಚು ಬೇಕು ಎನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಕ್ಯಾಲೊರಿ ಎಂದರೆ ಯಾರಿಗೂ ತಿಳಿಯದು. "ದಿನದ ಊಟದ ಮ್ಯಾಲ ಇನ್ನೊಂದು ಜ್ವಾಳದ ರೊಟ್ಟಿ, ಒಂದು ಹಿಡಿ ಶೇಂಗಾ, ಒಂದು ಚೂರು ಬೆಲ್ಲ" ಎಂದರೆ ಚಿಕ್ಕೋಡಿಯಿಂದ ಅಥಣಿಯವರೆಗೆ ಎಲ್ಲರಿಗೂ ತಿಳಿಯುತ್ತದೆ. ಲೆಕ್ಕವೂ ಸರಿಹೊಂದುತ್ತದೆ.

ನಮ್ಮ ಸೀಮೆಗೆ ಹತ್ತಿರದ ಸಾಕ್ಷ್ಯವೊಂದು ಪುಣೆಯ ಬಳಿಯ ಆರು ಹಳ್ಳಿಗಳದು. ನಿಪ್ಪಾಣಿಯವರಂತೆಯೇ ಭಾಕರಿ ಉಣ್ಣುವ, ಹೊಲಕ್ಕೆ ಹೋಗುವ ಹೆಂಗಸರು ಅಲ್ಲಿಯವರು. 1990ರ ದಶಕದಲ್ಲಿ ಸುಮಾರು 800 ಬಸುರಿಯರು ಏನು ಉಂಡರು ಎಂಬುದನ್ನು ಅಳೆದು, ಹುಟ್ಟಿದ ಕೂಸುಗಳನ್ನೂ ಅಳೆದು ನೋಡಿದರು. ಒಟ್ಟು ಎಷ್ಟು ಉಂಡರು ಎಂಬುದಕ್ಕೂ ಕೂಸಿನ ಗಾತ್ರಕ್ಕೂ ಸಂಬಂಧ ಸಿಗಲಿಲ್ಲ. ತಪ್ಪಲ ಪಲ್ಯ, ಹಣ್ಣು, ಹಾಲು ಹೆಚ್ಚಾಗಿ ತಿಂದವರ ಕೂಸುಗಳು ಮಾತ್ರ ದೊಡ್ಡವಾಗಿದ್ದವು. ಅದೇ ಹಳ್ಳಿಗಳಲ್ಲಿ ಇನ್ನೊಂದು ಸಂಗತಿಯೂ ಕಂಡಿತು. ಬಸಿರಿನಲ್ಲಿ ಹೆಚ್ಚು ದುಡಿದವರ ಕೂಸುಗಳು ಸಣ್ಣವಾಗಿ ಹುಟ್ಟಿದ್ದವು. ನನ್ನ ಮಟ್ಟಿಗೆ ಈ ಎರಡನೆಯದೇ ದೊಡ್ಡದು. ನೀರು ಹೊರುವುದು, ಕಳೆ ತೆಗೆಯುವುದು, ಮೇವು ತರುವುದು ಇವನ್ನು ಯಾವ ಚಿತ್ರಪಟವೂ ಊಟದ ಜೊತೆ ಸೇರಿಸಿ ತೋರಿಸುವುದಿಲ್ಲ. ದುಡಿತ ಇಳಿಸದೆ ರೊಟ್ಟಿ ಏರಿಸಿದರೆ ಆ ರೊಟ್ಟಿ ಹೋಗುವುದು ದುಡಿತಕ್ಕೇ.

ನಮ್ಮದೇ ಜಿಲ್ಲೆಯ ಸಾಕ್ಷ್ಯವೂ ಇದೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಜಿಲ್ಲೆಯ ಹಳ್ಳಿಗಳ ಹೆಂಗಸರೊಂದಿಗೆ ನಾಲ್ಕು ದೇಶಗಳ ಒಂದು ದೊಡ್ಡ ಪ್ರಯೋಗದಲ್ಲಿ ಪಾಲುಗೊಂಡರು. ಕೆಲವರಿಗೆ ಬಸಿರಾಗುವ ಮೂರು ತಿಂಗಳ ಮುಂಚಿನಿಂದಲೇ, ಕೆಲವರಿಗೆ ಬಸಿರಿನ ಮೂರನೆಯ ತಿಂಗಳ ಹೊತ್ತಿಗೆ ದಿನಕ್ಕೊಂದು ಸಣ್ಣ ಪೊಟ್ಟಣ ಪೌಷ್ಟಿಕ ಪೇಸ್ಟ್ ಕೊಟ್ಟರು, ಮೂರನೆಯ ಗುಂಪಿಗೆ ಕೊಡಲಿಲ್ಲ. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಿಂದವರ ಕೂಸುಗಳು ಹುಟ್ಟುವಾಗ ತಿನ್ನದವರ ಕೂಸುಗಳಿಗಿಂತ ಸರಾಸರಿ 5 ಮಿಲಿಮೀಟರ್ ಹೆಚ್ಚು ಉದ್ದವಾಗಿದ್ದವು. ಕೇಳಲು ಇದು ಚಿಕ್ಕದು. ಕೂಸಿನ ಅಳತೆ ಬಲ್ಲವರಿಗೆ ಅದರ ಬೆಲೆ ಗೊತ್ತು. ಅಲ್ಲಿ ಯಾರೂ ಬರೀ ಹೇಳಿ ಕಳಿಸಲಿಲ್ಲ, ಹೊಟ್ಟೆಗೆ ಕೊಟ್ಟರು.

ಹೊಟ್ಟೆಗೆ ಕೊಡುವ ಮಾತಿಗೆ ಬಂದರೆ ನಮ್ಮ ರಾಜ್ಯದ ಮಾತೃಪೂರ್ಣ ಯೋಜನೆಯನ್ನು ಮೆಚ್ಚಲೇಬೇಕು. ನಾಲ್ಕು ತಾಲ್ಲೂಕುಗಳಲ್ಲಿ ನಡೆಸಿ ನೋಡಿ, 2017ರ ಅಕ್ಟೋಬರ್ 2ರಂದು ರಾಜ್ಯದ ತುಂಬ ತಂದರು. ತಿಂಗಳಿಗೆ 25 ದಿನ, ಅಂಗನವಾಡಿಯಲ್ಲಿ ಬಿಸಿ ಅನ್ನ, ಸಾರು, ಪಲ್ಯ, ತತ್ತಿ, ಹಾಲು, ಶೇಂಗಾ ಚಿಕ್ಕಿ. ತತ್ತಿ ತಿನ್ನದವರಿಗೆ ಮೊಳಕೆ ಕಾಳು. ಊಟದ ಜೊತೆಗೆ ಕಬ್ಬಿಣಾಂಶದ ಗುಳಿಗೆ. ಮನೆಗೆ ಒಣ ರೇಷನ್ ಕೊಟ್ಟರೆ ಅದು ಇಡೀ ಮನೆಯ ಗಡಿಗೆಗೆ ಬೀಳುತ್ತದೆ, ಅಲ್ಲೇ ಕೂರಿಸಿ ಬಡಿಸಿದರೆ ಬಸುರಿಯ ಬಾಯಿಗೇ ಹೋಗುತ್ತದೆ. ಇದು ಈ ನೆಲದ ಮನೆಗಳನ್ನು ಬಲ್ಲವರು ಮಾಡಿದ ಯೋಚನೆ. ಆದರೆ ಬಸುರಿ ದಿನವೂ ಮಧ್ಯಾಹ್ನ ಊರು ದಾಟಿ ಬರಬೇಕು ಎಂಬಲ್ಲಿ ಅದು ಎಡವಿತು. ಹೊಲದ ಕೂಲಿಗೆ ಹೋದವಳು ಬರಲಾರಳು. ಚೊಚ್ಚಲ ಬಸುರಿ ಕುಬಸ ಮುಗಿಸಿ ತವರಿಗೆ ಹೋದರೆ ಹೆಸರು ಒಂದು ಊರಲ್ಲಿ, ಹೊಟ್ಟೆ ಇನ್ನೊಂದು ಊರಲ್ಲಿ. ಬಾಣಂತಿ ಹೊಸ್ತಿಲು ದಾಟುವಂತಿಲ್ಲ. ಕಬ್ಬು ಕಡಿಯುವ ಗ್ಯಾಂಗಿನ ಹೆಂಗಸರ ಮಾತಂತೂ ಕೇಳಲೇಬೇಡಿ. ಉಗಾರ, ರಾಯಬಾಗ, ಚಿಕ್ಕೋಡಿಯ ಕಾರ್ಖಾನೆಗಳಿಗೆ ಕಬ್ಬು ಕಡಿಯಲು ಬಂದು ಗದ್ದೆಯಂಚಿನ ಗುಡಿಸಲಲ್ಲಿ ತಿಂಗಳುಗಟ್ಟಲೆ ಇರುವ ಬಸುರಿಯ ಹೆಸರು ಯಾವ ರಜಿಸ್ಟರಿನಲ್ಲಿ ಇರುತ್ತದೆ? ಯೋಜನೆಯ ಅಡುಗೆ ಚೆನ್ನಾಗಿತ್ತು, ದಾರಿ ಚೆನ್ನಾಗಿರಲಿಲ್ಲ.

ಇನ್ನು ನಿಪ್ಪಾಣಿ. ತಂಬಾಕಿನ ಊರು. ಹೊಗೆಸೊಪ್ಪಿನ ವಖಾರಿಗಳಲ್ಲಿ, ಬೀಡಿ ಕಟ್ಟುವ ಮನೆಗಳಲ್ಲಿ ಕೂಲಿಗೆ ಕೂತವರು ಬಹುಪಾಲು ಹೆಂಗಸರೇ. ಬೀಡಿ ಕಟ್ಟುವ ಬಸುರಿಯ ಮಡಿಲಲ್ಲಿ ಮೊರ, ಮೊರದಲ್ಲಿ ತಂಬಾಕಿನ ಪುಡಿ. ಅದೇ ಬೆರಳಿನಲ್ಲಿ ರೊಟ್ಟಿ ಮುರಿಯುತ್ತಾಳೆ. ಬೆಳಗ್ಗೆ ಎದ್ದ ಕೂಡಲೇ ಹಲ್ಲಿಗೆ ಮಶೇರಿ, ಅಂದರೆ ಹುರಿದ ತಂಬಾಕಿನ ಪುಡಿ, ತಿಕ್ಕುವ ರೂಢಿ ಈ ಭಾಗದಲ್ಲಿ ಇಂದಿಗೂ ಇದೆ. ಅದನ್ನು ಯಾರೂ ಚಟ ಎನ್ನುವುದಿಲ್ಲ, ಹಲ್ಲುಪುಡಿ ಎನ್ನುತ್ತಾರೆ. ಮುಂಬಯಿಯ 1,217 ಬಸುರಿಯರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಗೆಯಿಲ್ಲದ ತಂಬಾಕು ಬಳಸುವವರಲ್ಲಿ ಹೆಚ್ಚಿನವರು ಹಚ್ಚುತ್ತಿದ್ದದ್ದು ಈ ಮಶೇರಿಯನ್ನೇ. ತಂಬಾಕು ಬಳಸುವವರ ಕೂಸುಗಳು ಸರಾಸರಿ 105 ಗ್ರಾಂ ಹಗುರವಾಗಿದ್ದವು, ದಿನ ತುಂಬುವ ಮುಂಚೆ ಹುಟ್ಟುವುದೂ ಅವರಲ್ಲೇ ಹೆಚ್ಚು. ಒಂದು ಕಡೆ ತತ್ತಿ, ಹಾಲು ಕೊಟ್ಟು ಗ್ರಾಂ ಲೆಕ್ಕದಲ್ಲಿ ತೂಕ ಕೂಡಿಸುತ್ತೇವೆ, ಇನ್ನೊಂದು ಕಡೆ ಮಶೇರಿ ಅದನ್ನು ಕಳೆಯುತ್ತದೆ. ನಾನು ಕೂತ ಸಭೆಯಲ್ಲಿ ಮಶೇರಿಯ ಸುದ್ದಿ ಬರಲೇ ಇಲ್ಲ. ನಿಪ್ಪಾಣಿ ತಾಲ್ಲೂಕಿನಲ್ಲಿ ಬಸುರಿಗೆ ಆಹಾರದ ಪಾಠ ಹೇಳುವವರು ಮೊದಲ ವಾಕ್ಯದಲ್ಲೇ ಮಶೇರಿಯ ಹೆಸರೆತ್ತದಿದ್ದರೆ ಆ ಪಾಠ ಈ ಊರಿನದಲ್ಲ.

ಗುಳಿಗೆಯ ಕಥೆಯೂ ಹೀಗೇ. ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ ಸುಮಾರು 45 ಜನರಿಗೆ ರಕ್ತಹೀನತೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತು ಹೇಳಿತು, ಐದನೆಯ ಸುತ್ತೂ ಹೆಚ್ಚುಕಡಿಮೆ ಅದನ್ನೇ ಹೇಳಿತು. ಕೆಂಪು ಗುಳಿಗೆ ಕೈಗೆ ಸಿಗುತ್ತದೆ. ಆದರೆ ಉಂಡ ಕೂಡಲೇ ಚಹಾ ಕುಡಿಯುವುದು ಈ ಗಡಿಸೀಮೆಯ ಜೀವ. ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಸುಣ್ಣಾಂಶದ ಗುಳಿಗೆಯನ್ನು ಅದರ ಜೊತೆಗೇ ನುಂಗಿದರೂ ಅಷ್ಟೇ. "ಗುಳಿಗಿಗೂ ಚಾಕ್ಕೂ ಎರಡು ತಾಸಿನ ಅಂತರ ಇರಲಿ, ಗುಳಿಗಿ ಜೋಡಿ ಲಿಂಬಿಹಣ್ಣು ಹಿಂಡ್ಕೊಂಡು ಉಣ್ರಿ" ಎನ್ನುವ ಒಂದೇ ಮಾತು ಹತ್ತು ಚಿತ್ರಪಟಕ್ಕೆ ಸಮ. ಗುಳಿಗೆಯಿಂದ ಮಲ ಕಪ್ಪಾಗುತ್ತದೆ, ಅದಕ್ಕೆ ಅಂಜಬೇಡಿ ಎಂಬುದನ್ನೂ ಮುಂಚೆಯೇ ಹೇಳಬೇಕು. ಅಂಜಿಯೇ ಎಷ್ಟೋ ಜನ ಗುಳಿಗೆಯನ್ನು ತಾಕಿನೊಳಗೆ ಇಟ್ಟು ಮರೆಯುತ್ತಾರೆ.

ಪಾಠ ಮನೆ ನೋಡಿ ಬದಲಾಗಬೇಕು. ಕಾಗವಾಡ, ಶೇಡಬಾಳ, ನಿಪ್ಪಾಣಿಯ ಜೈನ ಮನೆಗಳಲ್ಲಿ ತತ್ತಿಯ ಮಾತು ಹತ್ತುವುದಿಲ್ಲ, ಲಿಂಗಾಯತರ ಎಷ್ಟೋ ಮನೆಗಳಲ್ಲೂ ಇಲ್ಲ. ಆ ಮನೆಗಳ ಬಸುರಿಗೆ ಬಿ12 ಸಿಗುವುದು ಹಾಲು ಮೊಸರಿನಿಂದಲೇ. ಆಕೆಗೆ ಹಾಲು ರುಚಿಯ ಮಾತಲ್ಲ, ಅಗತ್ಯದ ಮಾತು. ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ವ್ರತವಿದ್ದರೆ ಮರುದಿನದ ನಾಷ್ಟಾವರೆಗೆ ಹನ್ನೆರಡು ತಾಸಿಗೂ ಹೆಚ್ಚು ಹೊಟ್ಟೆ ಖಾಲಿ. ವ್ರತ ಬಿಡಿ ಎಂದು ಹೇಳುವ ಹಕ್ಕು ನಮಗಿಲ್ಲ. ಸಂಜೆಯ ಊಟ ದಪ್ಪವಾಗಿರಲಿ, ಹೊತ್ತು ಹುಟ್ಟುತ್ತಲೇ ತಾಟು ಮುಂದೆ ಬರಲಿ ಎಂದು ಹೇಳಬಹುದು. ಇಷ್ಟು ಹೇಳಲು ಆ ಮನೆಯೊಳಗೆ ಹೋಗಿ ಕೂತು ಬಂದಿರಬೇಕು.

ಅಂಗನವಾಡಿಯಿಂದ ಹೊರಡುವಾಗ ಹಾಲಿನ ಮಾತಾಡಿದ ಹುಡುಗಿಯ ಜೊತೆ ಅವಳ ಮನೆಯವರೆಗೆ ನಡೆದೆ. ಕಟ್ಟೆಯ ಮೇಲೆ ಅತ್ತೆ ಜೋಳ ಹಸನು ಮಾಡುತ್ತಿದ್ದರು. ಸಭೆಯಲ್ಲಿ ಏನಂದರು ಎಂದು ಸೊಸೆಯನ್ನು ಕೇಳಿದರು. ಸೊಸೆ ಹೇಳಿದಳು. ಅತ್ತೆ ಮೊರ ಕೆಳಗಿಟ್ಟು ನನ್ನತ್ತ ತಿರುಗಿದರು: "ಬಾಳ ಉಂಡ್ರ ಕೂಸು ದೊಡ್ಡದಾಗಿ ಹೊಟ್ಟಿ ಕೊಯ್ಯೂದ ಬರತೈತ್ರಿ. ನಾವೇನು ಹಾಲು ಕುಡದು ಹಡದೇವೇನ್ರಿ?" ಆ ಮಾತಿನಲ್ಲಿ ಕೆಡುಕಿರಲಿಲ್ಲ. ಸೊಸೆಯ ಮೇಲೆ ಕತ್ತರಿ ಆಡದಿರಲಿ ಎಂಬ ಕಾಳಜಿ ಇತ್ತು. ಉತ್ತರ ಹೇಳಬೇಕಾದದ್ದು ಆ ಕಾಳಜಿಗೆ. ಅಂಥ ಉತ್ತರ ಯಾವ ಸಭೆಯಲ್ಲೂ ಸಿಗಲಿಲ್ಲ, ಏಕೆಂದರೆ ಸಭೆಗೆ ಕರೆದದ್ದು ಸೊಸೆಯನ್ನು ಮಾತ್ರ. ರೊಟ್ಟಿ ಬಡಿಸುವವರು ಅತ್ತೆ, ಹಾಲು ಅಳೆಯುವವನು ಗಂಡ, ಪಾಠ ಕೇಳುವವಳು ಇವಳು. ಬೋಧನೆ ಸೋತದ್ದು ಮಾತಿನ ಕೊರತೆಯಿಂದಲ್ಲ. ಮಾತು ತಲುಪಬೇಕಾದವರಿಗೆ ತಲುಪಲಿಲ್ಲ.

ಆದ್ದರಿಂದ ಅಂಗನವಾಡಿಯ ಅಕ್ಕಂದಿರಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ ಒಂದು ವಿನಂತಿ: ಮುಂದಿನ ತಿಂಗಳ ಸಭೆಗೆ ಅತ್ತೆಯರನ್ನು ಕರೆಯಿರಿ, ಕುಬಸದ ದಿನ ಹೆಂಗಸರೆಲ್ಲ ಕೂಡಿದಾಗ ಹೋಗಿ ಮಾತಾಡಿರಿ, ಗಂಡಸರನ್ನು ಡೇರಿಯ ಕಟ್ಟೆಯ ಮೇಲೇ ಹಿಡಿಯಿರಿ. ಇದನ್ನು ಓದುತ್ತಿರುವ, ಮನೆಯಲ್ಲಿ ಬಸುರಿ ಇರುವ ಪ್ರತಿಯೊಬ್ಬರಲ್ಲೂ ಒಂದು ವಿನಂತಿ: ನಾಳೆ ಬೆಳಗ್ಗೆ ಹಾಲು ಹಿಂಡಿದ ಮೇಲೆ, ಕ್ಯಾನು ಡೇರಿಗೆ ಹೊರಡುವ ಮುಂಚೆ, ಅವಳ ಪಾಲಿನ ಒಂದು ಲೋಟ ತೆಗೆದಿಡಿ.