ಆದ ಮೇಲೆ ಬೇರೆ, ಆದ್ದರಿಂದ ಬೇರೆ

ಹೋದ ವರ್ಷ ನಾನೊಂದು ತಪ್ಪು ಪದ ಬರೆದೆ. ಒಂದೇ ಪದ. ಸ್ಪೆಲಿಂಗ್ ಸರಿ ಇತ್ತು, ಗ್ರಾಮರ್ ಸರಿ ಇತ್ತು, ಕಂಪ್ಯೂಟರ್ ಕೂಡ ಕೆಳಗೆ ಕೆಂಪು ಗೆರೆ ಎಳೆಯಲಿಲ್ಲ.

ಆಗಿದ್ದು ಇಷ್ಟು. ಬೆಳಗಿನ ಜಾವ 5:10ಕ್ಕೆ ನಮ್ಮ ಟೀಮಿನ ಹುಡುಗಿಯೊಬ್ಬಳು ಸಣ್ಣದೊಂದು ಬದಲಾವಣೆ ಡಿಪ್ಲಾಯ್ ಮಾಡಿದಳು. 5:30ಕ್ಕೆ ಪೇಮೆಂಟ್ ಸರ್ವಿಸ್ ಮಲಗಿಬಿಟ್ಟಿತು. ಎರಡು ತಾಸು ಒದ್ದಾಡಿ ಎಬ್ಬಿಸಿದೆವು. ಮಧ್ಯಾಹ್ನದೊಳಗೆ ರಿಪೋರ್ಟ್ ಹೋಗಬೇಕು, ಬರೆಯುವವನು ನಾನು. ಅಷ್ಟರಲ್ಲಿ ಎರಡು ಸಲ 'ದೆನ್' ಅಂತ ಬರೆದಾಗಿತ್ತು. ಮೂರನೇ ಸಲವೂ ಅದೇ ಬಂದರೆ ಚೆಂದ ಕಾಣಲ್ಲ ಅನ್ನಿಸಿ 'ಕಾನ್ಸಿಕ್ವೆಂಟ್ಲಿ' ಅಂತ ಹಾಕಿದೆ. ಬದಲಾವಣೆ ಹೋಯಿತು, ಕಾನ್ಸಿಕ್ವೆಂಟ್ಲಿ, ಸರ್ವಿಸ್ ಬಿತ್ತು.

ನಿಜವಾದ ಕಾರಣ ಸಂಜೆ ಗೊತ್ತಾಯಿತು. ಸರ್ವರಿನ ಒಂದು ಸರ್ಟಿಫಿಕೇಟಿನ ಅವಧಿ ಮುಗಿದಿತ್ತು. ಅದು ಲೆಕ್ಕ ಇಡುವುದು ಯುಟಿಸಿ ಸಮಯದಲ್ಲಿ. ಅಲ್ಲಿ ನಡುರಾತ್ರಿ 12 ಅಂದರೆ ನಮಗೆ ಬೆಳಿಗ್ಗೆ 5:30. ಅವಳು ಆ ದಿನ ರಜೆ ಹಾಕಿ ಮಲಗಿದ್ದರೂ ಸರ್ವಿಸ್ ಬೀಳುತ್ತಿತ್ತು. ಸರ್ಟಿಫಿಕೇಟ್ ನವೀಕರಿಸುವ ಜವಾಬ್ದಾರಿ ಇದ್ದವರ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ, ನನ್ನದಿತ್ತು. ಆದರೆ ರಿಪೋರ್ಟ್ ಆಗಲೇ ಮೂರು ಮೆಟ್ಟಿಲು ಮೇಲೆ ಹೋಗಿತ್ತು. ಅವಳು ನನ್ನ ಡೆಸ್ಕಿಗೆ ಬಂದು ಕೇಳಿದ್ದು ಇಷ್ಟೇ: "ನಾನು ಮಾಡಿದ ಮೇಲೆ ಬಿತ್ತು, ಹೌದು. ನಾನು ಮಾಡಿದ್ದರಿಂದ ಬಿತ್ತು ಅಂತ ಯಾಕೆ ಬರೆದ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇದ್ದ ಉತ್ತರ ಹೇಳಲು ನಾಚಿಕೆ: ಪದ ಚೆಂದ ಇತ್ತು.

ಈ ರೋಗ ಎಲ್ಲಿಂದ ಹತ್ತಿತು ಅಂತ ಯೋಚಿಸಿದೆ. ನಾನು ಅಂಕೋಲಾ ತಾಲೂಕಿನ ಹಳ್ಳಿಯವನು, ಓದಿದ್ದು ಕನ್ನಡ ಮೀಡಿಯಂ. ಬಿಇ ಮುಗಿಸಿ ಬೆಂಗಳೂರಿನ ಬಸ್ ಹತ್ತುವ ಮೊದಲು ಇಂಗ್ಲಿಷ್ ಗೈಡ್ ಒಂದನ್ನು ಕೊಂಡಿದ್ದೆ. ಅದರಲ್ಲಿ ಒಂದು ಪುಟ ಪೂರ್ತಿ ಪಟ್ಟಿ: ದೇರ್‌ಫೋರ್, ಹೆನ್ಸ್, ದಸ್, ಕಾನ್ಸಿಕ್ವೆಂಟ್ಲಿ, ಸಬ್ಸಿಕ್ವೆಂಟ್ಲಿ. ಎಲ್ಲದರ ಮುಂದೂ ಒಂದೇ ಅರ್ಥ, 'ಆದ್ದರಿಂದ'. ಬೇರೆ ಬೇರೆ ಪದ ಬಳಸಿದರೆ ಭಾಷೆ ಚೆನ್ನಾಗಿ ಕಾಣುತ್ತದೆ ಅಂತ ಸಲಹೆ ಬೇರೆ. ಇಂಥ ಗೈಡುಗಳ ಮೇಲೆ ನನ್ನ ಮುಖ್ಯ ತಕರಾರು ಇದೇ. ಸಾರಿಗೆ ಕೊತ್ತಂಬರಿ ಉದುರಿಸಿದ ಹಾಗೆ ವಾಕ್ಯಕ್ಕೆ ಈ ಪದ ಉದುರಿಸೋದನ್ನ ಕಲಿಸುತ್ತವೆ. ಇವು ಅಲಂಕಾರ ಅಲ್ಲ, ಆರೋಪ. 'ಸಬ್ಸಿಕ್ವೆಂಟ್ಲಿ' ಅಂದರೆ ಗಡಿಯಾರ ನೋಡಿ ಹೇಳಿದ ಮಾತು. 'ಕಾನ್ಸಿಕ್ವೆಂಟ್ಲಿ' ಅಂದರೆ ತನಿಖೆ ಮುಗಿಸಿ ಹೇಳಿದ ಮಾತು.

ನಮ್ಮೂರಿನ ಉದಾಹರಣೆ ಕೊಡ್ತೀನಿ. ಅಂಕೋಲೆಯ ಬಂಡಿ ಹಬ್ಬ ಮೇ ತಿಂಗಳ ಹೊತ್ತಿಗೆ ಬರುತ್ತದೆ. ಹಬ್ಬ ಆದ ಮೇಲೆ ಮಳೆಗಾಲ. ಇದು ಸಬ್ಸಿಕ್ವೆಂಟ್ಲಿ. ಹಬ್ಬ ನಿಲ್ಲಿಸಿದರೂ ಮಳೆ ನಿಲ್ಲಲ್ಲ. ಇನ್ನು ಕಾರವಾರದ ಬಂದರಿಗೆ ಬನ್ನಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೋಟು ನಿಂತಿತು, ಮೀನಿನ ರೇಟು ಏರಿತು. ಇದು ಕಾನ್ಸಿಕ್ವೆಂಟ್ಲಿ. ಎರಡೂ ಜೂನ್ ತಿಂಗಳದ್ದೇ ಕಥೆ, ಪದ ಮಾತ್ರ ಅದಲು ಬದಲು ಆಗುವಂತಿಲ್ಲ.

ಕನ್ನಡದವರಿಗೆ ಇದು ಸ್ವಲ್ಪ ಜಾರುವ ಜಾಗ ಅನ್ನೋದು ನಿಜ. ನಮ್ಮ 'ಮೇಲೆ' ಎರಡೂ ಕೆಲಸ ಮಾಡುತ್ತದೆ. "ಅವನು ಬಂದ ಮೇಲೆ ಊಟ ಮಾಡಿದೆವು" ಅಂದರೆ ಕಾಲ. "ಇಷ್ಟು ದೂರ ಬಂದ ಮೇಲೆ ಊಟ ಮಾಡದೆ ಹೋಗ್ತೀರಾ?" ಅಂದರೆ ಕಾರಣ. 'ಇಂದ'ವೂ ಹಾಗೇ. ಸೋಮವಾರದಿಂದ ಮಳೆ, ಮಳೆಯಿಂದ ರಸ್ತೆ ಹಾಳು. ನಾವು "ಸಿನ್ಸ್ ಟೂ ಇಯರ್ಸ್" ಅನ್ನುವುದೂ ಇದರಿಂದಲೇ. ಎರಡು ವರ್ಷದಿಂದ, 2019ರಿಂದ, ಎರಡಕ್ಕೂ ನಮಗೆ ಒಂದೇ ಬಾಲ. ಇಂಗ್ಲಿಷಿನಲ್ಲಿ ಶುರುವಾದ ಬಿಂದುವಿಗೆ 'ಸಿನ್ಸ್', ಕಳೆದ ಅವಧಿಗೆ 'ಫಾರ್'. ಹಾಗಂತ ಇಂಗ್ಲಿಷೇನೂ ಸಾಚಾ ಅಲ್ಲ. "ಸಿನ್ಸ್ ದ ನ್ಯೂ ಮ್ಯಾನೇಜರ್ ಜಾಯಿನ್ಡ್, ತ್ರೀ ಪೀಪಲ್ ಹ್ಯಾವ್ ಲೆಫ್ಟ್" ಅಂತ ಮೇಲ್ ಹಾಕಿ ನೋಡಿ. ಮ್ಯಾನೇಜರ್ ಬಂದಾಗಿನಿಂದಲೋ, ಬಂದಿದ್ದರಿಂದಲೋ? ನೀವು ಕ್ಯಾಲೆಂಡರ್ ನೋಡಿ ಬರೆದಿರುತ್ತೀರಿ, ಮ್ಯಾನೇಜರ್ ಬೇರೇನೇ ಓದಿಕೊಂಡಿರುತ್ತಾರೆ.

"ಅರ್ಥ ಆದ್ರೆ ಸಾಕಲ್ವಾ ಮಾರಾಯ?" ಅಂತ ಗೆಳೆಯರು ಕೇಳ್ತಾರೆ. ಕಾಫಿ ಆರ್ಡರ್ ಮಾಡುವಾಗ ಸಾಕು. ಒಂದು ಕ್ರಿಯಾವಿಶೇಷಣಕ್ಕೆ ಎಷ್ಟು ತೂಕ ಇರಬಹುದು ಅಂತ ನೋಡಬೇಕಾದರೆ ಕಾರವಾರದಿಂದ ಅಂಕೋಲೆಗೆ ಹೆದ್ದಾರಿಯಲ್ಲಿ ಬನ್ನಿ. ಬಿಣಗಾ ದಾಟಿ ಅರ್ಗಾ ಬಂದಾಗ ನೌಕಾನೆಲೆಯ ಗೋಡೆ ಸಿಗುತ್ತದೆ. ಸೀಬರ್ಡ್ ಯೋಜನೆಗೆ 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, 2005ರ ಮೇ 31ರಂದು ಐಎನ್‌ಎಸ್ ಕದಂಬ ಶುರುವಾಯಿತು. ನಡುವೆ ಎರಡೂ ತಾಲೂಕಿನ ಕರಾವಳಿಯ ಊರುಗಳು ಎದ್ದು ಹೋದವು. ಭೂಮಿ ಪಡೆದದ್ದು 1894ರ ಭೂಸ್ವಾಧೀನ ಕಾಯ್ದೆಯ ಕೆಳಗೆ.

ಆ ಕಾಯ್ದೆಯಲ್ಲಿ ಮತ್ತೆ ಮತ್ತೆ ಬರುವ ಪದ 'ದೇರಪಾನ್'. ಅದಾದೊಡನೆ, ಮತ್ತು ಅದರ ಬಲದಿಂದ. ಕಾಲ, ಪರಿಣಾಮ ಎರಡೂ ಒಂದೇ ಗಂಟಿನಲ್ಲಿ. 4ನೇ ಸೆಕ್ಷನ್ನಿನ ಪ್ರಕಾರ ಅಧಿಸೂಚನೆ ಹೊರಟಿತು, ದೇರಪಾನ್ ಅಧಿಕಾರಿ ನಿಮ್ಮ ಜಮೀನಿಗೆ ಇಳಿದು ಸರ್ವೆ ಮಾಡಬಹುದು. 16ರ ಪ್ರಕಾರ ಪರಿಹಾರದ ಆದೇಶ ಆದ ಮೇಲೆ ಕಲೆಕ್ಟರ್ ಸ್ವಾಧೀನ ತೆಗೆದುಕೊಂಡರು, ದೇರಪಾನ್ ಭೂಮಿ ಪೂರ್ತಿಯಾಗಿ ಸರ್ಕಾರದ್ದು. ನಡುವೆ ಒಂದು ದಿನವೂ ಇಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ ಈ ಪದ ಕಾಣಲ್ಲ. ಸ್ವಾಧೀನಕ್ಕೆ ಮೊದಲು ಅಥವಾ ಆ ಹೊತ್ತಿಗೆ ದುಡ್ಡು ಕೊಡದಿದ್ದರೆ ಭೂಮಿ ವಾಪಸ್ ಬರುವುದಿಲ್ಲ. 34ನೇ ಸೆಕ್ಷನ್ ಪ್ರಕಾರ ಬಡ್ಡಿ ಓಡುತ್ತದೆ, ಮೊದಲ ವರ್ಷ ಶೇ. 9, ಆಮೇಲೆ ಶೇ. 15. ಅಂದರೆ ಸರ್ಕಾರಕ್ಕೆ 'ದೇರಪಾನ್', ಜನಕ್ಕೆ 'ಸಬ್ಸಿಕ್ವೆಂಟ್ಲಿ'. ಸೀಬರ್ಡ್ ನಿರಾಶ್ರಿತರ ಹೆಚ್ಚಿನ ಪರಿಹಾರದ ಕೇಸುಗಳು ಸುಪ್ರೀಂ ಕೋರ್ಟಿನವರೆಗೂ ನಡೆದವು. ಆ ಆಮೇಲೆ ಎಷ್ಟು ಉದ್ದ ಇತ್ತು ಅಂತ ನಮ್ಮ ಕಡೆ ಯಾರನ್ನು ಕೇಳಿದರೂ ಹೇಳ್ತಾರೆ.

2014ರ ಜನವರಿ 1ರಿಂದ ಹೊಸ ಕಾಯ್ದೆ ಬಂತು. ಅದರ 38ನೇ ಸೆಕ್ಷನ್ ಈ ಸರದಿಯನ್ನು ತಿರುಗಿಸಿತು. ಪರಿಹಾರ ಪೂರ್ತಿ ಪಾವತಿಯಾಗಿದೆ ಅಥವಾ ಮುಂದಿಡಲಾಗಿದೆ ಅಂತ ಖಾತ್ರಿ ಮಾಡಿಕೊಂಡ 'ಆಫ್ಟರ್' ಮಾತ್ರ ಸ್ವಾಧೀನ. ಜಾಗ ಹೋದ ಮೇಲೆ ದುಡ್ಡು ಅಂತಿದ್ದದ್ದು ದುಡ್ಡು ಕೊಟ್ಟ ಮೇಲೆ ಜಾಗ ಅಂತಾಯಿತು. ಪದಗಳ ಜಾಗ ಬದಲಾಗಲು ನೂರಿಪ್ಪತ್ತು ವರ್ಷ ಬೇಕಾಯಿತು. ಇದಾದ ಮೇಲೂ ಅಡ್ವರ್ಬ್ ಅಂದರೆ ಪರೀಕ್ಷೆಯ ಎರಡು ಮಾರ್ಕಿನ ಪ್ರಶ್ನೆ ಅಂತ ನನಗೆ ಅನಿಸುವುದಿಲ್ಲ.

ಹಾಗಾದರೆ ನಾವೇನು ಮಾಡಬೇಕು? ನಾನೀಗ ಮಾಡುವುದು ಒಂದೇ ಪರೀಕ್ಷೆ. ಆ ಜಾಗದಲ್ಲಿ ಕನ್ನಡದ 'ಆಮೇಲೆ' ಇಟ್ಟು ಓದುತ್ತೇನೆ, 'ಆದ್ದರಿಂದ' ಇಟ್ಟು ಓದುತ್ತೇನೆ. 'ಆದ್ದರಿಂದ' ಬರೆಯಬೇಕಾದರೆ ಲಾಗ್‌ನಲ್ಲಿ ಸಾಕ್ಷಿ ಇರಬೇಕು. ಇಲ್ಲದಿದ್ದರೆ 'ಆಫ್ಟರ್ ದಟ್' ಸಾಕು, ಎಷ್ಟು ಸಲ ಬಂದರೂ ಪರವಾಗಿಲ್ಲ. 'ಹೆನ್ಸ್' ಬರೆಯುವಾಗಲೂ ಹುಷಾರು. ಅದರ ಮೂಲ ಅರ್ಥವೇ 'ಇಲ್ಲಿಂದ'. "ಟೂ ವೀಕ್ಸ್ ಹೆನ್ಸ್" ಅಂತ ಕ್ಲೈಂಟ್ ಬರೆದರೆ ಇವತ್ತಿನಿಂದ ಎರಡು ವಾರಕ್ಕೆ ಅಂತ, ಎರಡು ವಾರದ ಕಾರಣದಿಂದ ಅಂತಲ್ಲ. ಇನ್ನು 'ಮೊಮೆಂಟರಿಲಿ' ಅಮೆರಿಕದವರಿಗೆ 'ಇನ್ನೇನು ಬಂದೆ', ಬ್ರಿಟನ್ನಿನವರಿಗೆ 'ಒಂದು ಕ್ಷಣದ ಮಟ್ಟಿಗೆ'. ಮೀಟಿಂಗಿಗೆ ಬರ್ತೀನಿ ಅನ್ನಲು 'ಸೂನ್' ಅನ್ನಿ, ಎರಡೂ ಕಡೆ ನಡೆಯುತ್ತದೆ.

ಮರುದಿನ ನಾನು ರಿಪೋರ್ಟ್ ತಿದ್ದಿ ಕಳಿಸಿದೆ. ಕಾನ್ಸಿಕ್ವೆಂಟ್ಲಿ ಹೋಗಿ ಸಬ್ಸಿಕ್ವೆಂಟ್ಲಿ ಬಂತು, ನವೀಕರಿಸದೆ ಬಿಟ್ಟವನ ಹೆಸರೂ ಬಂತು. ಮೊದಲ ಮೇಲ್ ಓದಿದವರೆಲ್ಲ ಎರಡನೆಯದನ್ನು ತೆರೆದರೋ ಇಲ್ಲವೋ. ಮೂರು ತಿಂಗಳ ನಂತರ ಅವಳು ಬೇರೆ ಟೀಮಿಗೆ ಹೋದಳು. ಅದು ಆದ ಮೇಲೆ ಹೋಗಿದ್ದೋ, ಆದ್ದರಿಂದ ಹೋಗಿದ್ದೋ? ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.