ಹೂದಾನಿಯ ನೀಲಿಯನ್ನು ನೋಡುವ ಬಗೆ

ಎಡಿನ್‌ಬರೋದ ನ್ಯಾಷನಲ್ ಗ್ಯಾಲರಿಯಲ್ಲಿ ಫ್ರೆಂಚ್ ಕಲಾವಿದ ಶಾರ್ದಾಂ (1699–1779) ಬರೆದ ಒಂದು ಪುಟ್ಟ ತೈಲಚಿತ್ರವಿದೆ. ಎತ್ತರ ಅರ್ಧ ಮೀಟರಿಗೂ ಕಡಿಮೆ. ಒಂದು ಹೂದಾನಿ, ಅದರ ತುಂಬ ಸುಗಂಧರಾಜ, ಕಾರ್ನೇಷನ್, ಸ್ವೀಟ್ ಪೀ. ಕೆಳಗೆ ಉದುರಿದ ಹೂವು. ಅವನ ಹೂವಿನ ಚಿತ್ರಗಳಲ್ಲಿ ಉಳಿದುಬಂದದ್ದು ಇದೊಂದೇ. ವಸ್ತುಚಿತ್ರಗಳನ್ನು ಹೊಸದಾಗಿ ನೋಡತೊಡಗಿದವರು ಇಲ್ಲಿಂದಲೇ ಆರಂಭಿಸಲಿ ಎಂಬುದು ನನ್ನ ಆಸೆ.

ಹೂಗಳನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಹೂದಾನಿಯದು ಬಿಳಿ ಮೈ, ಮೇಲೆ ನೀಲಿ ಚಿತ್ತಾರ. ಚೀನಾದ ಪಿಂಗಾಣಿಗೆ ಮನಸೋತು ಹಾಲೆಂಡಿನ ಡೆಲ್ಫ್ಟ್ ನಗರದವರು ಮಾಡುತ್ತಿದ್ದ ಬಗೆಯದು. ಹೀಗೆ ಸಿಂಗರಿಸಿಕೊಂಡ ವಸ್ತುವನ್ನು ಬರೆದೂ ಚಿತ್ರ ಸರಳವಾಗಿ ಉಳಿದದ್ದು ಹೇಗೆ? ಶಾರ್ದಾಂ ಆ ಚಿತ್ತಾರವನ್ನು ಗೆರೆಗೆ ಗೆರೆ ನಕಲು ಮಾಡಲಿಲ್ಲ. ಸಡಿಲವಾಗಿ ಎಳೆದ ನೀಲಿ, ಬೆಳಕು ಬಿದ್ದಲ್ಲಿ ತಿಳಿಯಾಗಿ, ಮೈ ತಿರುಗುವಲ್ಲಿ ಮಬ್ಬಾಗಿ, ಹೂದಾನಿಯ ದುಂಡನ್ನು ಕಟ್ಟುತ್ತದೆ. ಹಿಂದಿನ ಗೋಡೆಯ ಬೂದು ಬಣ್ಣದಲ್ಲೂ ಆ ನೀಲಿಯ ಛಾಯೆಯಿದೆ. ಅಲಂಕಾರ ಬೇರೆಯಾಗಿ ಎದ್ದು ನಿಲ್ಲುವುದೇ ಇಲ್ಲ.

ಅದೇ ಶತಮಾನದ ಡಚ್ ಕಲಾವಿದ ಯಾನ್ ವಾನ್ ಹೌಸಮ್‌ನ ಹೂಚಿತ್ರವೊಂದನ್ನು ಪಕ್ಕದಲ್ಲಿಟ್ಟು ನೋಡಿ. ಎಸಳಿನ ಮೇಲೆ ಇಬ್ಬನಿ, ಎಲೆಯ ಮೇಲೆ ಹುಳು, ಕೆತ್ತನೆಯ ಕುಂಡ. ಅದೂ ದೊಡ್ಡ ವಿದ್ಯೆಯೇ. ಆದರೆ ಅಲ್ಲಿ ಕಣ್ಣು ಒಂದರಿಂದ ಇನ್ನೊಂದಕ್ಕೆ ಓಡುತ್ತಲೇ ಇರುತ್ತದೆ. ಶಾರ್ದಾಂ ಅದನ್ನು ಕೂರಿಸಿಕೊಳ್ಳುತ್ತಾನೆ. ನನ್ನ ಒಲವು ಇವನ ಕಡೆಗೇ.

ಫೋನಿನಲ್ಲಿ ನೋಡುವವರು ಚಿತ್ರವನ್ನು ಕೂಡಲೇ ಹಿಗ್ಗಿಸಬೇಡಿ. ಮೊದಲು ಕಣ್ಣನ್ನು ಅರೆ ಮುಚ್ಚಿ, ಬೆಳಕೆಷ್ಟು ಕತ್ತಲೆಷ್ಟು ಎಂಬುದನ್ನಷ್ಟೇ ಗಮನಿಸಿ. ಬಳಿಕ ಉದುರಿದ ಹೂವನ್ನು ಬೆರಳಿನಿಂದ ಮರೆಮಾಡಿ. ಹೂದಾನಿಯ ಮುಂದೆ ಜಾಗವಿದೆ ಎಂಬ ನಂಬಿಕೆ ಸಡಿಲವಾಗುತ್ತದೆ. ಬೆರಳು ತೆಗೆದರೆ ಮೇಜು ಮತ್ತೆ ಮಟ್ಟಸವಾಗಿ ಹರಡಿಕೊಳ್ಳುತ್ತದೆ. ಅಲ್ಲಿ ಹೂವು ಬಿದ್ದಿರುವುದು ಬರೀ ಚೆಂದಕ್ಕಲ್ಲ. ಹೀಗೆ ಒಂದೊಂದನ್ನೇ ಮುಚ್ಚಿ ತೆರೆದು ನೋಡುತ್ತ ಹೋಗಿ. ಯಾವುದನ್ನು ತೆಗೆದರೂ ಚಿತ್ರಕ್ಕೆ ನಷ್ಟವೇ. ಹೆಚ್ಚು ಹಿಗ್ಗಿಸುವುದು ಕೊನೆಗೆ. ಆಗ ಎಸಳುಗಳು ಕುಂಚದ ದಪ್ಪ ಮೆತ್ತುಗಳಾಗಿ ಕಾಣುತ್ತವೆ.

1728ರಲ್ಲಿ ಶಾರ್ದಾಂನನ್ನು ಸೇರಿಸಿಕೊಂಡ ಫ್ರಾನ್ಸಿನ ರಾಯಲ್ ಅಕಾಡೆಮಿಯಲ್ಲಿ ಪುರಾಣ, ಚರಿತ್ರೆಯ ಚಿತ್ರಗಳಿಗೆ ಮೊದಲ ಮಣೆ, ಪಾತ್ರೆಪಗಡಿ ಬರೆಯುವವರಿಗೆ ಕೊನೆಯದು. ಆದರೂ ಅವನು ಮನೆಯ ಸಾಮಾನುಗಳನ್ನು ಬಿಡಲಿಲ್ಲ; ವಿಮರ್ಶಕ ಡಿಡೆರೋ ಅವನನ್ನು ಮನಸಾರೆ ಹೊಗಳಿದ.

ಈ ಹೂದಾನಿ ಕಣ್ಣಿಗೆ ಒಗ್ಗಿದ ಮೇಲೆ ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ ಅವನ ತಾಮ್ರದ ನೀರಿನ ಹಂಡೆಯ ಚಿತ್ರಕ್ಕೆ ಹೋಗಿ. ಅಲ್ಲಿ ಚಿತ್ತಾರವೇ ಇಲ್ಲ, ನಲ್ಲಿಯಿರುವ ಹಂಡೆಯೊಂದು ಮುಕ್ಕಾಲಿಯ ಮೇಲೆ ನಿಂತಿದೆ. ಇಲ್ಲಿ ನೀಲಿ ಮಾಡಿದ ಕೆಲಸವನ್ನು ಅಲ್ಲಿ ಯಾವ ಬಣ್ಣ ಮಾಡುತ್ತಿದೆ ಎಂದು ಹುಡುಕಿ.